ದೊಡ್ಡಮ್ಮ ಬಣ್ಣ ಹಾಕಿದ ಅಂಗಿ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತೂ ಸರಿಯಾಗಿ ಬರುವುದಿಲ್ಲ, ಕ್ಷಮಿಸಿ. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಹಳೆ ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕುತ್ತಾರೆ. ಅವರ ಉಗುರು ಯಾವಾಗಲೂ ನೀಲಿ. ಎಣ್ಣೆ ಕೈ ತಾಗಿದಲ್ಲಿ ಬಣ್ಣ ಹಿಡಿಯುವುದಿಲ್ಲವೆಂದು ಮೊದಲು ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಕುದಿಸುತ್ತಾರೆ. ತೀರಿಹೋದ ಅಮ್ಮನ ಬಿಳಿ ಅಂಗಿಯನ್ನೂ ನನಗಾಗಿ ಹಾಗೆಯೇ ಕುದಿಸಿ ನೀಲಿಯಲ್ಲಿ ಅದ್ದಿದರು. ಹಿಂಡಿ ಹರವಿದಾಗ ಹೆಗಲ ಮೇಲೆ ನಾಲ್ಕು ಬೆರಳಿನ ಗುರುತು ಬೆಳ್ಳಗೆ ಉಳಿದಿತ್ತು. ಮತ್ತೆ ಕುದಿಸಿ ಅದ್ದಿದರು. ಈ ಸಲ ಹೆಬ್ಬೆರಳೂ ಕಂಡಿತು.

“ನಿಮ್ಮಮ್ಮ ಬದುಕಿದ್ದಾಗಲೂ ನನ್ನ ಮಾತು ಕೇಳಿದವಳಲ್ಲ ಕಣೇ,” ಎಂದು ನಕ್ಕರು. ಆಮೇಲೆ ಅಂಗಿಯನ್ನು ಮುದ್ದೆ ಮಾಡಿ ಒಲೆಯ ಕಡೆ ತಿರುಗಿದರು. “ಒಲೆಗೆ ಹಾಕಿಬಿಡೋಣ.”

“ಬೇಡ ದೊಡ್ಡಮ್ಮ, ಅಮ್ಮಂದು ಅಂತ ಉಳಿದಿರೋದು ಇದೊಂದೇ.”

ಅಂಗಿ ಇನ್ನೂ ತಣ್ಣಗೆ ಒದ್ದೆಯಾಗಿದೆ, ಆ ಕೈಗುರುತು ಮಾತ್ರ ಬೆಚ್ಚಗೆ ಒಣಗಿದೆ. ಪೂರ್ತಿ ಒಣಗಿದ ಮೇಲೆ ನಾನು ಅದನ್ನೇ ಹಾಕಿಕೊಳ್ಳುತ್ತೇನೆ.