ಸೊಪ್ಪಿನ ರುಚಿ ನೋಡುವ ಕಾವೇರಮ್ಮ

ಬೈರಾಪಟ್ಟಣದ ಕಾವೇರಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಆಕೆಗೆ ಬಂದದ್ದು ಭಯವಲ್ಲ, ಕೋಪ. ಐವತ್ತೆರಡು ವರ್ಷದ ಹೆಂಗಸು, ತೂಕ ನಲವತ್ತೆಂಟು ಕೆ.ಜಿ. ಎರಡು ಹೊತ್ತು ಮುದ್ದೆ, ಬಸ್ಸಾರು. ಬೆಳಗಿನ ಆರರಿಂದ ಕತ್ತಲಾಗುವ ತನಕ ಆಕೆ ಕೂತದ್ದನ್ನು ಕಂಡವರಿಲ್ಲ. ಅಪ್ಪನಿಗಾಗಲಿ ಅವ್ವನಿಗಾಗಲಿ ಆ ಕಾಯಿಲೆ ಇರಲಿಲ್ಲ.

"ಕುಂತು ತಿನ್ನೋರ ಕಾಯ್ಲೆ ನಂಗ್ಯಾಕೆ ಬಂತು ಸಾರ್? ಇನ್ಯಾರ್ದೋ ರಕ್ತ ಪರೀಕ್ಸೆ ಮಾಡಿ ನಂದು ಅಂತ ಕೊಟ್ಟವ್ರೆ," ಎಂದು ರಿಪೋರ್ಟನ್ನು ನನ್ನ ಮುಖಕ್ಕೆ ಹಿಡಿದಳು. ತಿಂಡಿಗೆ ಮುಂಚೆ ಇನ್ನೂರ ಹದಿನಾಲ್ಕು ಎಂದು ಬರೆದಿತ್ತು. ಕಾಗದ ಅಲ್ಲಾಡುತ್ತಿದ್ದರಿಂದ ಎರಡು ಸಲ ಓದಬೇಕಾಯಿತು. ಆಕೆಯ ಕೈ ನಡುಕ ಶುರುವಾಗಿ ಆಗಲೇ ಒಂದು ವರ್ಷವಾಗಿತ್ತು.

ನಾನು ರೇಷ್ಮೆ ಇಲಾಖೆಯ ಪ್ರದರ್ಶಕನಾಗಿ ಇಪ್ಪತ್ತಾರು ವರ್ಷ ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿದವನು. ಹುಳ ಸಾಕುವವರ ಮನೆಗೆ ಹೋಗಿ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳುವುದು ನನ್ನ ಕೆಲಸ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಹೇಳುವ ಚಟ ಹೋಗಿಲ್ಲ. ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ಒಬ್ಬಳೇ ಒಬ್ಬ ರೈತ ಮಹಿಳೆ ಎಂದರೆ ಕಾವೇರಮ್ಮ. ಆಕೆಯ ಹುಳದ ಮನೆಗೆ ಕಾಲಿಡುವವರು ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈಕಾಲು ತೊಳೆಯಬೇಕು. ಬೀಡಿ ಸೇದಿದವರಿಗೆ ಪ್ರವೇಶವಿಲ್ಲ. ಮುಖಕ್ಕೆ ಪೌಡರ್ ಹಾಕಿಕೊಂಡಿದ್ದ ತಹಶೀಲ್ದಾರರ ಹೆಂಡತಿಯನ್ನೇ ಒಮ್ಮೆ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ಕಳಿಸಿದ್ದಳು. ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿರಲಿಲ್ಲ. ಗಂಡ ಬೋರಲಿಂಗಯ್ಯ ಮೂವತ್ತು ವರ್ಷ ಸೊಳ್ಳೆ ಕಚ್ಚಿಸಿಕೊಂಡೇ ಮಲಗಿದ್ದಾನೆ, ಪಾಪ.

ರೇಷ್ಮೆ ಹುಳು ಬಹಳ ಸೂಕ್ಷ್ಮ ಜೀವಿ. ಪಕ್ಕದ ಹೊಲದವರು ಟೊಮ್ಯಾಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಸಾಕು, ತಿಂದ ಹುಳು ಹಸಿರು ನೀರು ಕಕ್ಕಿ, ಕುಗ್ಗಿ ಸಾಯುತ್ತದೆ. ಒಂದು ತಿಂಗಳ ದುಡಿಮೆ ಒಂದು ಸಂಜೆಗೆ ತಿಪ್ಪೆಗೆ ಹೋಗುತ್ತದೆ. ಆದ್ದರಿಂದ ಹೊರಗಿನಿಂದ ಕೊಂಡ ಸೊಪ್ಪನ್ನು ಮೊದಲು ಹತ್ತು ಹುಳಕ್ಕೆ ಹಾಕಿ, ಒಂದು ಹಗಲು ಕಾದು, ಅವು ಚೆನ್ನಾಗಿದ್ದರೆ ಮಾತ್ರ ಉಳಿದವಕ್ಕೆ ಹಾಕಬೇಕು ಎನ್ನುವುದು ನಿಯಮ. ಆದರೆ ಹುಳು ಹಸಿದು ತಲೆ ಎತ್ತಿಕೊಂಡು ಕೂತಿರುವಾಗ ಒಂದು ಹಗಲು ಕಾಯುವ ತಾಳ್ಮೆ ಯಾರಿಗಿದೆ?

ಕಾವೇರಮ್ಮನ ಹತ್ತಿರ ಇದಕ್ಕೊಂದು ಸುಲಭ ದಾರಿ ಇತ್ತು. ಕಟ್ಟಿನೊಳಗಿಂದ ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದಳು. ರಸ ಗಂಟಲಿಗೆ ಇಳಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿ, ಚರಟವನ್ನು ಉಗಿದು, "ಹಾಕ್ಬೋದು" ಅನ್ನುತ್ತಿದ್ದಳು. ಔಷಧಿ ಬಿದ್ದ ಸೊಪ್ಪಾದರೆ ಕಿರುನಾಲಿಗೆಯ ಹತ್ತಿರ ಚುರ್ ಅನ್ನುತ್ತದಂತೆ. ಅತ್ತೆಯಿಂದ ಕಲಿತ ವಿದ್ಯೆ. ಆಕೆ ಬೇಡ ಎಂದ ಸೊಪ್ಪನ್ನು ಛಲಕ್ಕೆ ಹಾಕಿದವರು ಕೆಟ್ಟರು, ಹಾಕಬಹುದು ಎಂದದ್ದನ್ನು ಹಾಕಿದವರು ಗೂಡು ಕಟ್ಟಿಸಿದರು ಎನ್ನುವುದು ಊರಿನ ಮಾತು. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಜನ ಸೊಪ್ಪು ಹಿಡಿದು ಆಕೆಯ ಜಗಲಿಗೆ ಬರುತ್ತಿದ್ದರು. ಆಕೆಗೂ ಅದರಲ್ಲಿ ಒಂದು ಹಮ್ಮು ಇತ್ತು, ಇರಲಿ ಬಿಡಿ.

ಬಚ್ಚಿಡದೆ ಹೇಳಬೇಕೆಂದರೆ, ಅವರಲ್ಲಿ ಅರ್ಧ ಜನರನ್ನು ಕಳಿಸಿದವನು ನಾನೇ. ಹತ್ತು ಹುಳದ ನಿಯಮ ನನ್ನ ಚೀಲದ ಪುಸ್ತಕದಲ್ಲೇ ಅಚ್ಚಾಗಿತ್ತು. ಅದನ್ನು ಮನೆಮನೆಗೆ ಹೋಗಿ ತಿಳಿಸಿ ಹೇಳುವುದು ಬೇಸರದ ಕೆಲಸ. "ಕಾವೇರಮ್ಮಂಗೆ ತೋರ್ಸಿ" ಎಂದರೆ ಮುಗಿಯಿತು, ನಾನು ಮಧ್ಯಾಹ್ನದ ಬಸ್ಸು ಹಿಡಿಯಬಹುದಿತ್ತು.

ಸಕ್ಕರೆಗೆ ಮಾತ್ರೆ ನುಂಗಿದ್ದಾಯಿತು. ನಡುಕ ಇಳಿಯಲಿಲ್ಲ. ಜೊತೆಗೆ ಕಾರಣವಿಲ್ಲದ ಬೆವರು, ಬಾಯಲ್ಲಿ ನೀರು, ಆಗಾಗ ಕಣ್ಣು ಮಂಜು. ನಾನೇ ಆಕೆಯನ್ನೂ ಬೋರಲಿಂಗಯ್ಯನನ್ನೂ ಆಟೋ ಹತ್ತಿಸಿಕೊಂಡು ಚನ್ನಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತಾಳ್ಮೆಯ ಮನುಷ್ಯ. ಹೊಲಕ್ಕೆ ಔಷಧಿ ಹೊಡೆಯುತ್ತೀರಾ, ಮನೆಯಲ್ಲಿ ಡಬ್ಬ ಇಟ್ಟಿದ್ದೀರಾ, ಬಾವಿ ಯಾವುದರ ಪಕ್ಕದಲ್ಲಿದೆ ಎಂದು ಒಂದೊಂದಾಗಿ ಕೇಳಿದರು.

"ನಮ್ಮನೇಲಿ ಔಸ್ದಿ ಸುದ್ದಿನೇ ಇಲ್ಲ ಸಾರ್. ನಾವು ಹುಳ ಸಾಕೋರು," ಎಂದಳು ಕಾವೇರಮ್ಮ, ಅವಮಾನವಾದವಳಂತೆ.

ಆಕೆ ಸುಳ್ಳು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ಎಲೆ ಅಗಿಯುವುದು ನಮ್ಮಿಬ್ಬರ ನೆನಪಿಗೂ ಬರಲಿಲ್ಲ. ಉಪ್ಪು ಸರಿಯಾಗಿದೆಯಾ ಎಂದು ಸಾರಿನ ರುಚಿ ನೋಡುವುದನ್ನು ಯಾರಾದರೂ ಊಟದ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ರಕ್ತ ತೆಗೆಯಲು ಬಂದ ನರ್ಸ್ ಹೆಸರು ಮೆಹ್ರೀನ್. ಆಕೆಯ ಅಪ್ಪ ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡಿದವರಂತೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾ ಮಾತು ತೆಗೆದಳು.

"ಸೊಪ್ಪು ನಿಮ್ದೇ ಸಾಕಾಗುತ್ತೇನಮ್ಮ, ಹೊರಗಿಂದ ತಗೋತೀರಾ?"

"ಒಂದೊಂದ್ ಬೆಳೆಗೆ ತಗೋಬೇಕಾಯ್ತದೆ ಕಣವ್ವ."

"ಅದಕ್ಕೆ ಔಷಧಿ ಹೊಡ್ದಿದ್ರೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗ್ದೆ ಏನು? ಬಾಯಿಗಾಕ್ಕಂಡ್ರೆ ಗೊತ್ತಾಯ್ತದೆ," ಎಂದಳು ಕಾವೇರಮ್ಮ. ಹೇಳುವಾಗ ಮುಖ ಅರಳಿತು ಕೂಡ.

ಮೆಹ್ರೀನ್ ಸೂಜಿಯನ್ನು ತಟ್ಟೆಯಲ್ಲಿಟ್ಟು, ಒಳಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಅವರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದರ ಫಲಿತಾಂಶ ನಾಲ್ಕು ದಿನಕ್ಕೆ ಬಂತು. ನರಗಳು ಕೆಲಸ ಮುಗಿಸಿ ಸುಮ್ಮನಾಗಲು ದೇಹದಲ್ಲಿ ಒಂದು ಕಿಣ್ವ ಬೇಕಂತೆ. ಕೆಲವು ಕೀಟನಾಶಕಗಳು ಅದನ್ನೇ ಕಟ್ಟಿಹಾಕುತ್ತವೆ. ಕಾವೇರಮ್ಮನ ರಕ್ತದಲ್ಲಿ ಅದು ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇತ್ತು.

"ಅತ್ತೆನೂ ಹಿಂಗೇ ಮಾಡ್ತಿದ್ರು. ಎಂಬತ್ ವರ್ಸ ಗಟ್ಟಿಯಾಗಿದ್ರು," ಎಂದಳು ಆಕೆ.

ಡಾಕ್ಟರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಅತ್ತೆಯ ಕಾಲದಲ್ಲಿ ಇಷ್ಟು ಔಷಧಿಗಳಿರಲಿಲ್ಲ. ಅದೂ ಅಲ್ಲದೆ ಒಳಗೆ ಹೋದ ವಿಷವನ್ನು ಒಡೆದು ಹೊರಗೆ ಹಾಕುವ ಕೆಲಸ ಹೆಚ್ಚಾಗಿ ಪಿತ್ತಜನಕಾಂಗದ್ದು. ಆ ಕೆಲಸ ಒಬ್ಬರಲ್ಲಿ ಬೇಗ ಆಗುತ್ತದೆ, ಇನ್ನೊಬ್ಬರಲ್ಲಿ ನಿಧಾನ, ಹುಟ್ಟಿನಿಂದ ಬಂದದ್ದು. ಅದೇ ಎಲೆ ತಿಂದು ಒಬ್ಬರು ಆರಾಮಾಗಿರಬಹುದು, ಇನ್ನೊಬ್ಬರಲ್ಲಿ ಅದು ದಿನದಿಂದ ದಿನಕ್ಕೆ ಸೇರುತ್ತಾ ಹೋಗಬಹುದು. ಇಂಥ ವಿಷಕ್ಕೂ ಸಕ್ಕರೆ ಕಾಯಿಲೆಗೂ ನಂಟಿರಬಹುದು ಎನ್ನುವವರಿದ್ದಾರೆ. "ನಿಮಗೆ ಇದರಿಂದಲೇ ಬಂತು ಅಂತ ನಾನು ಎದೆ ತಟ್ಟಿ ಹೇಳಲಾರೆ. ಆದರೆ ನಡುಕ ಇದರದ್ದೇ. ಮೂರು ತಿಂಗಳು ಒಂದೇ ಒಂದು ಎಲೆ ಬಾಯಿಗೆ ಹಾಕಬೇಡಿ, ಮತ್ತೆ ಪರೀಕ್ಷೆ ಮಾಡೋಣ. ಹೀಗೇ ಮುಂದುವರಿಸಿದರೆ ಒಂದು ದಿನ ಯಾವುದೋ ಒಂದು ಎಲೆಗೆ ಉಸಿರು ನಿಂತರೂ ನಿಲ್ಲಬಹುದು," ಎಂದರು.

ಬೋರಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಕಾವೇರಮ್ಮ ಮೆಹ್ರೀನಳ ಕೈಹಿಡಿದು "ಆಯ್ತು ಕಣವ್ವ, ಹಾಕಾಕಿಲ್ಲ" ಎಂದು ಮಾತು ಕೊಟ್ಟಳು. ನಾನು ಯಾರ ಮುಖವನ್ನೂ ನೋಡದೆ ಔಷಧಿ ಅಂಗಡಿಯ ಸಾಲಿನಲ್ಲಿ ಹೋಗಿ ನಿಂತೆ. ನನಗೆ ನಾಚಿಕೆಯಾಗಿತ್ತು.

ಎರಡು ತಿಂಗಳು ಆಕೆ ಮಾತು ಉಳಿಸಿಕೊಂಡಳು. ಸೊಪ್ಪು ಹಿಡಿದು ಬಂದವರಿಗೆ ಹುಷಾರಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ನಡುಕ ಸ್ವಲ್ಪ ಕಡಿಮೆಯಾಗಿತ್ತು. ಸೂಜಿಗೆ ದಾರ ಪೋಣಿಸಿದೆ ಎಂದು ಫೋನ್ ಮಾಡಿ ಹೇಳಿದ್ದಳು. ಅಷ್ಟರಲ್ಲಿ ಒಂದು ರಾತ್ರಿ ಕಾಡಾನೆಗಳು ಬಂದವು. ನಾಲ್ಕು ಆನೆ ಆಕೆಯ ಹಿಪ್ಪುನೇರಳೆ ತೋಟದ ನಡುವೆ ನಡೆದು ಮುಕ್ಕಾಲು ಪಾಲು ತುಳಿದುಹೋದವು. ಹುಳು ಆಗ ತಾನೇ ನಾಲ್ಕನೇ ಜ್ವರ ಎದ್ದಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು, ಅದಾದ ಮೇಲೆ ಒಂದು ವಾರ ಅದರ ಹೊಟ್ಟೆ ತುಂಬಿಸುವುದೇ ದೊಡ್ಡ ಪಾಡು.

ಸುದ್ದಿ ತಿಳಿದು ನಾನು ಬೆಳಿಗ್ಗೆ ಎಂಟಕ್ಕೆ ಹೋದಾಗ ಪಕ್ಕದ ತೋಟದ ಅಶ್ವಥ್ ಟೆಂಪೋದಿಂದ ಸೊಪ್ಪು ಇಳಿಸುತ್ತಿದ್ದ. "ನಮ್ ಸೊಪ್ಪಿಗೆ ಏನೂ ಹೊಡ್ದಿಲ್ಲ ಅಕ್ಕ, ನಮ್ಮವ್ವನಾಣೆ," ಎಂದ. ನಾನು ಒಂದು ತಟ್ಟೆಗೆ ಹತ್ತು ಹುಳು ಬಿಟ್ಟು, ಆ ಸೊಪ್ಪು ಹಾಕಿ, ಮೂಲೆಯಲ್ಲಿಟ್ಟು, ಸಂಜೆ ತನಕ ಕಾಯೋಣ ಎಂದೆ.

"ಸಂಜೆಗಂಟ ಕಾದ್ರೆ ಇವು ಉಪಾಸ ಸಾಯ್ತವೆ ಸಾರ್. ನಿಮ್ಮನೆ ಹುಳ ಆಗಿದ್ರೆ ಕಾಯ್ತಿದ್ರಾ?" ಎಂದಳು ಕಾವೇರಮ್ಮ.

ನಾನು ಕೈ ತೊಳೆದು ಹಿಂದಿರುಗುವಷ್ಟರಲ್ಲಿ ಆಕೆಯ ದವಡೆ ಆಡುತ್ತಿತ್ತು. ಬೋರಲಿಂಗಯ್ಯ ನೋಡಿಬಿಟ್ಟ. ಅವನು ಹೆಂಡತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಉಗಿಯೇ. ಆ ಆಸ್ಪತ್ರೆ ಹೆಣ್ಮಗಳ ಕೈಹಿಡ್ದು ಹೇಳಿ ಬಂದಿದ್ದೀಯ."

ಆಕೆ ಉಗಿದಳು. ಆದರೆ ರಸ ಆಗಲೇ ಗಂಟಲಿಗೆ ಇಳಿದಿತ್ತು. "ಸೊಪ್ಪು ಚೆನ್ನಾಗೈತೆ. ಹಾಕ್ಬೋದು," ಎಂದಳು ನಿಧಾನವಾಗಿ. ಹೇಳಿದ ಮೇಲೆ ತಲೆ ತಗ್ಗಿಸಿದಳು. ಮಾತು ತಪ್ಪಿದ ನಾಚಿಕೆಯಿಂದಲೋ ಏನೋ, "ಆಯ್ತು, ಸಂಜೆಗಂಟ ಕಾಯ್ತೀನಿ ಬುಡಿ" ಎಂದು ಮೂಲೆಯ ತಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಆನೆ ತುಳಿಯದೆ ಬಿಟ್ಟ ಮೂಲೆಯಿಂದ ಬೋರಲಿಂಗಯ್ಯ ತಂದ ಎರಡು ಕಂತೆ ಸೊಪ್ಪನ್ನು ಅಷ್ಟೂ ಹುಳಕ್ಕೆ ಚೂರುಚೂರು ಹಂಚಿದೆವು.

ಮಧ್ಯಾಹ್ನ ಎರಡೂವರೆಗೆ ತಟ್ಟೆಯಲ್ಲಿ ಒಂದು ಹುಳು ತಲೆಯನ್ನು ಆ ಕಡೆ ಈ ಕಡೆ ಒಗೆಯತೊಡಗಿತು. ಬಾಯಿಂದ ಹಸಿರು ನೀರು ಬಂತು. ಮೂರೂವರೆಗೆ ಆರು ಹುಳು ಕುಗ್ಗಿ ಬಿದ್ದಿದ್ದವು. ಫೋನಿನಲ್ಲಿ ಗದರಿದಾಗ ಅಶ್ವಥ್ ನಿಜ ಹೇಳಿದ. ಸೊಪ್ಪಿಗೆ ಹೊಡೆದಿಲ್ಲ, ಪಕ್ಕದ ಸಾಲಿನ ಬೀನ್ಸಿಗೆ ಹೊಡೆದಿದ್ದಾನೆ, ಹೊಸದಾಗಿ ಬಂದ ಔಷಧಿ, ವಾಸನೆಯೇ ಇಲ್ಲವಂತೆ.

ಕಾವೇರಮ್ಮ ಆ ಹುಳುಗಳನ್ನೇ ನೋಡುತ್ತಿದ್ದಳು.

"ನಂಗೇನೂ ಗೊತ್ತಾಗ್ನಿಲ್ಲ ಸಾರ್," ಎಂದಳು. "ಚುರ್ ಅನ್ಲೇ ಇಲ್ಲ. ನೀರ್ ಕುಡ್ದಂಗಿತ್ತು."

ನಾನು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿದೆ. ಮೆಹ್ರೀನ್ ಬೈದಳು, ನನ್ನನ್ನೂ ಸೇರಿಸಿ. ಉಸಿರು ಕಟ್ಟುತ್ತಾ, ವಾಂತಿ ಬರುತ್ತಾ ಎಂದು ಕೇಳಿ, ಅದೃಷ್ಟಕ್ಕೆ ಏನೂ ಇಲ್ಲ ಎಂದ ಮೇಲೆ, ಆದರೂ ಈಗಲೇ ಕರೆದುಕೊಂಡು ಬನ್ನಿ ಎಂದಳು. ಆಟೋಗೆ ಹೇಳಿ ಕಳಿಸಿದೆವು. ಅದು ಬರುವ ತನಕ ಜಗಲಿಯ ಮೇಲೆ ಕೂತಿದ್ದಾಗ ಆಕೆ ಇನ್ನೊಂದು ಪ್ರಶ್ನೆ ಕೇಳಿದಳು. ಅದು ನನ್ನ ತಲೆಯಲ್ಲೂ ಸುತ್ತುತ್ತಿತ್ತು.

"ಇಂಥ ಔಸ್ದಿ ಬಂದು ಎಷ್ಟು ವರ್ಸ ಆಯ್ತು ಸಾರ್?"

"ಮೂರ್ನಾಲ್ಕು ಆಗಿರಬಹುದು."

"ಅಂಗಾರೆ ಧನಲಕ್ಷ್ಮಿ ಬೆಳೆ."

ಹಿಂದಿನ ವರ್ಷ ಹಿಂಬದಿಯ ಬೀದಿಯ ಧನಲಕ್ಷ್ಮಿಯ ಹುಳು ಪೂರ್ತಿ ಹೋಗಿತ್ತು. ಸೊಪ್ಪು ಹಾಕಬಹುದು ಎಂದಿದ್ದವಳು ಕಾವೇರಮ್ಮ. ಹುಳು ಸತ್ತಾಗ, ಸೊಪ್ಪು ಚೆನ್ನಾಗಿತ್ತು, ನೀನು ಹುಳದ ಮನೆಯಲ್ಲಿ ಊದುಬತ್ತಿ ಹಚ್ಚಿರುತ್ತೀಯ, ನಿನಗೆ ಮಡಿ ಗೊತ್ತಿಲ್ಲ ಎಂದು ಬೀದಿಯವರೆಲ್ಲರ ಮುಂದೆ ಬೈದವಳೂ ಆಕೆಯೇ. ಆ ದಿನ ನಾನೂ ಅಲ್ಲಿದ್ದೆ. ಹೌದೌದು ಎಂದಿದ್ದೆ. ಧನಲಕ್ಷ್ಮಿ ಅಲ್ಲಿಗೆ ಹುಳು ಸಾಕುವುದನ್ನೇ ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದಳು.

ಆಟೋ ಬಂತು. ಹಿಂಬದಿಯ ಬೀದಿಯಲ್ಲಿ ಒಂದು ನಿಮಿಷ ನಿಲ್ಲಿಸಪ್ಪ ಎಂದಳು ಕಾವೇರಮ್ಮ. ಮೊದಲು ಆಸ್ಪತ್ರೆ ಎಂದು ನಾವಿಬ್ಬರೂ ಹೇಳಿದೆವು, ಕೇಳಲಿಲ್ಲ. ಅಂದು ಭಾನುವಾರ, ಧನಲಕ್ಷ್ಮಿ ಮನೆಯ ಮುಂದೆ ಬಟ್ಟೆ ಒಣಗಿಸುತ್ತಿದ್ದಳು. ಕಾವೇರಮ್ಮ ಆಟೋದಿಂದ ಇಳಿದು, ನಡುಗುವ ಕೈಯನ್ನು ಸೆರಗಿನಲ್ಲಿ ಹಿಡಿದುಕೊಂಡು, ಅಕ್ಕಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಧನ, ಅವತ್ತು ನಿನ್ ಸೊಪ್ಪಲ್ಲಿ ಔಸ್ದಿ ಇತ್ತೇನೋ ಕಣೆ. ನನ್ ನಾಲ್ಗೆಗೆ ಗೊತ್ತಾಗ್ನಿಲ್ಲ. ಇವತ್ತೂ ಗೊತ್ತಾಗ್ನಿಲ್ಲ. ಇನ್ ಯಾರೂ ನನ್ ಮಾತ್ ಕೇಳಿ ಸೊಪ್ಪು ಹಾಕ್ಬೇಡಿ."

ಧನಲಕ್ಷ್ಮಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹತ್ತಿರ ಬಂದಳು.

"ಊದ್ಬತ್ತಿ ನಾನು ಹಚ್ಚೇ ಇರ್ನಿಲ್ಲ ಅಕ್ಕ," ಎಂದಳು. "ನೀವೆಲ್ಲ ಹೇಳಿ ಹೇಳಿ, ನಾನೇ ಮರ್ತು ಹಚ್ಚಿದ್ನೇನೋ ಅನ್ಕಂಡ್ಬುಟ್ಟಿದ್ದೆ."

ಕಾವೇರಮ್ಮ ಸೆರಗಿನಿಂದ ಕೈ ತೆಗೆದು ಅವಳ ತೋಳು ಹಿಡಿದಳು. ಆಟೋದ ಒಳಗೆ ಕೂತಿದ್ದ ನಾನು ಇಳಿದು ಹೋಗಿ ನನ್ನ ಪಾಲಿನ ತಪ್ಪನ್ನೂ ಹೇಳಬೇಕಾಗಿತ್ತು. ನಾನು ಇಳಿಯಲಿಲ್ಲ.