ಬ್ಯಾರಲ್ ಚೆಲ್ಲಿದ ಮಳೆಗಾಲ

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಬೇಕೆಂದಿದ್ದೆ. ಓಣಿಯವರು ಬಿಡಲಿಲ್ಲ. ರಾಯಾಪುರದ ರಸ್ತೆಯಿಂದ ತುಸು ಒಳಗಿರುವ ನಮ್ಮ ಬಡಾವಣೆಯಲ್ಲಿ ಸಮುದಾಯ ಭವನದ ಹಿಂದಿನ ಎರಡು ಕೋಣೆಗಳಲ್ಲಿ ಓಣಿಯವರೇ ಕೂಡಿ ಒಂದು ಆರೋಗ್ಯ ಕೇಂದ್ರ ನಡೆಸುತ್ತಿದ್ದರು. ಜನರ ಬಾಯಲ್ಲಿ ಅದು ದವಾಖಾನಿ. ಮುಂಜಾನೆ ಹೊತ್ತು ಒಬ್ಬ ಡಾಕ್ಟರು ಬಂದು ನೋಡುತ್ತಿದ್ದರು. ಇನ್ನೂ ಮೂವತ್ತರ ಒಳಗಿನ ಹೆಣ್ಣುಮಗಳು. ಔಷಧ ತರಿಸುವುದು, ಡಾಕ್ಟರಿಗೆ ಬೇಕಾದದ್ದನ್ನು ಒದಗಿಸುವುದು, ಜನರ ತಕರಾರು ಕೇಳುವುದು, ಇವೆಲ್ಲ ಸಮಿತಿಯ ಕೆಲಸ. ಸಮಿತಿಯಲ್ಲಿ ಸಂಬಳದವರು ಯಾರೂ ಇರಲಿಲ್ಲ. ನನ್ನನ್ನು ಕಾರ್ಯದರ್ಶಿ ಮಾಡಿದರು.

ಹೆಸರಿಗೆ ಸಮಿತಿಯಲ್ಲಿ ಹಲವರಿದ್ದರೂ ನಿಜವಾಗಿ ಓಡಾಡುತ್ತಿದ್ದವರು ಮೂವರು. ನಾನು, ಅಧ್ಯಕ್ಷರು, ಮತ್ತು ರೊಟ್ಟಿ ಅಕ್ಕ. ಅಧ್ಯಕ್ಷರದು ಹತ್ತಿಯ ದಲಾಲಿ ಅಂಗಡಿ. ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಯಾವ ಮಾತಿಗೂ ಮೊದಲು ಎರಡು ಸಲ ಕೆಮ್ಮಿ, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುವ ನಿಧಾನದ ಮನುಷ್ಯ. ರೊಟ್ಟಿ ಅಕ್ಕ ಅವರ ಪೂರಾ ಉಲ್ಟಾ. ಗಂಡ ತೀರಿಕೊಂಡ ಮೇಲೆ ಹಿತ್ತಲಲ್ಲಿ ಒಲೆ ಹೂಡಿ, ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ಕಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುತ್ತಿದ್ದರು. ಆ ರೊಟ್ಟಿಯಿಂದಲೇ ಮಗನನ್ನು ಓದಿಸಿ ಲಗ್ನ ಮಾಡಿದ್ದರು. ಬಾಯಿ ಜೋರು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಕೂಸಿಗೆ ಲಸಿಕೆ ತಪ್ಪಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಹೋಗಿ ಕೈಹಿಡಿದು ಎಳೆದುಕೊಂಡೇ ಬರುತ್ತಿದ್ದರು.

ಅವರ ಸೊಸೆ ಶಿರಗುಪ್ಪಿಯವಳು. ಸಭೆ ಅವರ ಪಡಸಾಲೆಯಲ್ಲಿ ನಡೆದ ದಿನ ಚಹಾ ತಂದಿಟ್ಟು ಹೋಗಿ, ಸಾವ್ಕಾರ್ರ ಬೆನ್ನ ಹಿಂದಿನ ಬಾಗಿಲಲ್ಲಿ ನಿಂತು ಅವರ ಹಾಗೆಯೇ ಎರಡು ಸಲ ಕೆಮ್ಮುವ ನಟನೆ ಮಾಡಿ, ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತಿದ್ದಳು. ನಾನು ನಗು ತಡೆಯಲು ಕಪ್ಪಿನಲ್ಲಿ ಮುಖ ಹುದುಗಿಸಬೇಕಾಗುತ್ತಿತ್ತು. ಮನೆಯ ನೀರಿನ ಉಸಾಬರಿಯೆಲ್ಲ ಅವಳದು. ತವರಿನಲ್ಲಿ ಬಾವಿ ಕಂಡವಳು. ಇಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಬರುವುದನ್ನು ಮೊದಲ ಸಲ ನೋಡಿದಾಗ, "ಇಷ್ಟು ದೊಡ್ಡ ಊರು, ನೀರಿಗೆ ಇಷ್ಟು ಬಡತನ ಏನ್ರಿ ಅಕ್ಕೋರ" ಎಂದು ನನ್ನನ್ನು ಕೇಳಿದ್ದಳು.

ಅವಳು ಹೇಳಿದ್ದು ಸುಳ್ಳಲ್ಲ. ಹುಬ್ಬಳ್ಳಿಯ ಕೆಲವು ವಾರ್ಡುಗಳಿಗೆ ಹಗಲೂ ರಾತ್ರಿ ನೀರು ಬರುತ್ತದೆಂದು ಕೇಳಿದ್ದೆವು. ನಮ್ಮದು ಆ ಪೈಕಿ ಅಲ್ಲ. ವಾರ ದಾಟಿ ಯಾವತ್ತೋ ಒಂದು ದಿನ ನಳ ಗುಳುಗುಳು ಎಂದರೆ ಓಣಿಯೇ ಎದ್ದು ನಿಲ್ಲುತ್ತಿತ್ತು. ಬ್ಯಾರಲ್, ಕೊಡ, ಬಕೆಟ್, ಹಳೇ ಪಾತೇಲಿ, ಕಡೆಗೆ ಕುಕ್ಕರಿನಲ್ಲೂ ನೀರು ತುಂಬಿಡುವುದು ನಮ್ಮಲ್ಲಿ ಹೊಸದಲ್ಲ.

ಆ ಮಳೆಗಾಲದಲ್ಲಿ ಜ್ವರ ಶುರುವಾಯಿತು. ಮೊದಲು ಮಕ್ಕಳು, ಆಮೇಲೆ ದೊಡ್ಡವರು. ಕಣ್ಣುಗುಡ್ಡೆ ನೋಯುತ್ತವೆ, ಎಲುಬು ಮುರಿದಂತಾಗುತ್ತದೆ ಎಂದು ಎಲ್ಲರದೂ ಒಂದೇ ಮಾತು. ಡಾಕ್ಟರು ನಮ್ಮ ಮೂವರನ್ನೂ ಕರೆದು ಕೂಡಿಸಿದರು.

"ಇದು ಡೆಂಗಿ ಜ್ವರ. ಗುಳಿಗಿ ಕೊಟ್ಟು ನಾ ಒಬ್ಬಾಕಿ ಇದನ್ನ ತಡಿಯಾಕ ಆಗಂಗಿಲ್ಲ. ಈ ಸೊಳ್ಳಿ ಗಟಾರದಾಗ ಹುಟ್ಟೂದಲ್ಲ. ಮನ್ಯಾಗ ತುಂಬಿಟ್ಟ ಸ್ವಚ್ಛ ನೀರಾಗ ಹುಟ್ಟತದ. ಮನಿಮನಿಗೆ ಹೋಗ್ರಿ, ಬ್ಯಾರಲ್ ಖಾಲಿ ಮಾಡಸ್ರಿ, ತಿಕ್ಕಿ ಒಣಗಸ್ರಿ ಅಂತ ಹೇಳ್ರಿ. ಇನ್ನೊಂದು ಮಾತು. ಜ್ವರ ಇಳದ ಮ್ಯಾಲೆ ಆರಾಮ ಆತು ಅಂತ ತಿಳಕೋತಾರ. ಡೆಂಗಿ ಹೆಚ್ಚು ತ್ರಾಸ ಕೊಡೂದ ಆವಾಗ. ಅದನ್ನೂ ಹೇಳ್ರಿ."

ನಾನೂ ರೊಟ್ಟಿ ಅಕ್ಕನೂ ಮರುದಿನದಿಂದಲೇ ಹೊರಟೆವು. ನಾನು ಟಾರ್ಚು ಬಿಟ್ಟು ನೀರಿನಲ್ಲಿ ತಲೆಕೆಳಗಾಗಿ ತೂಗುವ ಸಣ್ಣ ಹುಳಗಳನ್ನು ತೋರಿಸುವುದು, ಅವರು ಚೆಲ್ಲಿರೆಂದು ಹೇಳುವುದು. ಜನ ತಲೆ ಅಲ್ಲಾಡಿಸುತ್ತಿದ್ದರು. ನಾವು ಮುಂದಿನ ಮನೆಗೆ ಸರಿದ ಕೂಡಲೇ ಬ್ಯಾರಲಿನ ಮುಚ್ಚಳ ಮತ್ತೆ ಬೀಳುವ ಸಪ್ಪಳ ಕೇಳುತ್ತಿತ್ತು.

ಓಣಿಯ ತುದಿಗೆ ಒಂದು ಬಾಡಿಗೆ ಕೋಣೆ. ಅಲ್ಲಿದ್ದ ಹೆಣ್ಣುಮಗಳು ನವನಗರದ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಸಣ್ಣ ಎರಡು ಮಕ್ಕಳು. ಅಂಗಳದಲ್ಲಿ ಒಂದೇ ಬ್ಯಾರಲ್, ಅದರ ತುಂಬ ಹುಳ.

"ಚೆಲ್ಲು ಅಂದ್ರ ಚೆಲ್ತೇನ್ರಿ ಅಕ್ಕೋರ," ಎಂದಳು ಆಕೆ. "ಮತ್ತ ಯಾವಾಗ ತುಂಬಲಿ, ಅದನ್ನ ನೀವ ಹೇಳ್ರಿ. ನಳ ಬಂದ ದಿವಸ ನಾ ಮನ್ಯಾಗ ಇದ್ದರ ಕೆಲಸ ಹೋಗತೈತಿ. ಕೆಲಸಕ್ಕ ಹೋದರ ನೀರು ಹೋಗತೈತಿ."

ರೊಟ್ಟಿ ಅಕ್ಕನ ತಾಳ್ಮೆ ಮುಗಿದಿತ್ತು. ಹಿಂದಿನ ದಿನವಷ್ಟೇ ಪಕ್ಕದ ಓಣಿಯಲ್ಲಿ ಸಾಲೆಗೆ ಹೋಗುವ ಹುಡುಗಿಯೊಬ್ಬಳು ಇದೇ ಜ್ವರಕ್ಕೆ ತೀರಿಕೊಂಡಿದ್ದಳು.

"ಮಕ್ಕಳನ್ನ ಮಣ್ಣಿಗಿಟ್ಟ ಮ್ಯಾಲೆ ಈ ನೀರು ಇಟ್ಕೊಂಡು ಏನ್ ಮಾಡ್ತಿ?" ಎಂದವರೇ ಬ್ಯಾರಲಿಗೆ ಎರಡೂ ಕೈ ಕೊಟ್ಟು ನೂಕಿದರು.

ನೀರು ಅಂಗಳದ ತುಂಬ ಹರಿದು, ಹೊಸ್ತಿಲು ತೋಯಿಸಿ, ಗಟಾರಕ್ಕೆ ಇಳಿಯಿತು. ಆಕೆ ಬೈಯತೊಡಗಿದಳು. "ನಿಮ್ಮ ಮನ್ಯಾಗ ನೀರಿನ ಸಂಪ್ ಐತಿ, ಮೋಟಾರ್ ಐತಿ. ಕೊಡ ಹೊರೂದು ನಿಮಗೇನ್ ಗೊತ್ತ. ನಿಮ್ಮನ್ನ ಯಾರು ಸಮಿತ್ಯಾಗ ಕುಂಡ್ರಿಸ್ಯಾರೋ ಅವರಿಗೆ ಬೆಂಕಿ ಹತ್ತಲಿ." ಓಣಿ ಕೂಡಿತು. ನಾನು ರೊಟ್ಟಿ ಅಕ್ಕನ ತೋಳು ಹಿಡಿದು ಹೊರಗೆ ಕರೆತಂದೆ. ಅವರ ಸೀರೆಯ ನೆರಿಗೆ ಮೊಣಕಾಲತನಕ ಒದ್ದೆಯಾಗಿತ್ತು.

ಆ ವಾರದ ಸಭೆಯಲ್ಲಿ ಸಾವ್ಕಾರ್ರು ಕೆಮ್ಮದೆಯೇ ಮಾತು ಶುರು ಮಾಡಿದರು. "ಮಂದಿ ನೀರು ಚೆಲ್ಲೂ ಹಕ್ಕು ನಮಗ ಯಾರು ಕೊಟ್ಟಾರ ತಂಗಿ? ದವಾಖಾನಿ ನಡಸಾಕ ಕುಂತವರು ನಾವು. ಪೊಲೀಸರಲ್ಲ."

"ಹಂಗಾರ ಸತ್ತವರ ಮನಿಗೆ ಹೋಗಿ ಕುಂತು ಬರೂದಷ್ಟ ಏನ್ರಿ ನಮ್ಮ ಕೆಲಸ?" ಎಂದರು ರೊಟ್ಟಿ ಅಕ್ಕ.

ಕಡೆಗೆ ಯಾರ ನೀರನ್ನೂ ಚೆಲ್ಲಬಾರದು, ಹಳೆಯ ಸೀರೆ ಕಟ್ಟಿ ಬ್ಯಾರಲಿನ ಬಾಯಿ ಬಿಗಿಯಲು ಹೇಳಬೇಕು, ನೀರು ಬಿಡುವ ಕಚೇರಿಗೆ ಹೋಗಿ ಕೇಳಬೇಕು ಎಂದು ತೀರ್ಮಾನವಾಯಿತು. ಕಚೇರಿಗೆ ಮೂವರೂ ಹೋದೆವು. ಅಲ್ಲಿನ ಸಾಹೇಬರು ಕುಳ್ಳಿರಿಸಿ ಚಹಾ ಕುಡಿಸಿದರು. ಹೊಸ ಪೈಪು ಹಾಕುವ ಕೆಲಸ ನಡೆದಿದೆ, ಅದು ಮುಗಿಯಲಿ ಎಂದರು. ಹೊರಡುವಾಗ ಸೊಳ್ಳೆಯಿಂದ ಪಾರಾಗುವ ಬಗೆ ತಿಳಿಸುವ ಒಂದು ಕಟ್ಟು ಕರಪತ್ರ ಕೈಗಿತ್ತರು. ನೀರು ಕೇಳಲು ಹೋದವರು ಕಾಗದ ಹೊತ್ತು ಬಂದೆವು.

ಅಲ್ಲಿಂದ ಮುಂದೆ ರೊಟ್ಟಿ ಅಕ್ಕ ಓಣಿಯಲ್ಲಿ ಕಂಡರೆ ಹೆಂಗಸರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು: "ಬ್ಯಾರಲ್ ಒಳಗ ತಗೋರೆವ್ವಾ, ಬಂದ್ರು." ಅವರೆದುರು ನಗದವರು ಅವರ ಸೊಸೆಯೆದುರು ನಗುತ್ತಿದ್ದರು. "ಮೊದಲ ನಿಮ್ಮತ್ತಿಗೆ ತಮ್ಮ ಸಂಪಿನ್ಯಾಗ ಏನೈತಿ ನೋಡಾಕ ಹೇಳು" ಎನ್ನುತ್ತಿದ್ದರು. ಬಸುರಿಯಾಗಿದ್ದ ಅವಳಿಗೆ ಆಗ ಐದು ತಿಂಗಳು ತುಂಬುವುದರಲ್ಲಿತ್ತು.

ಒಂದು ಮುಂಜಾನೆ ನಾನು ದವಾಖಾನೆಯಲ್ಲಿ ಔಷಧದ ಡಬ್ಬಿಗಳನ್ನು ಕಪಾಟಿಗಿಡುತ್ತಿದ್ದೆ. ಅವಳು ಒಬ್ಬಳೇ ನಡೆದು ಬಂದಳು. ಅತ್ತೆ ರೊಟ್ಟಿ ಕೊಡಲು ಹುಬ್ಬಳ್ಳಿಗೆ ಹೋಗಿದ್ದರು. ಗಂಡ ಕೆಲಸಕ್ಕೆ. ಬಂದವಳು ಬೆಂಚಿನ ತುದಿಗೆ ಕೂತು ಗೋಡೆಗೆ ತಲೆ ಆನಿಸಿದಳು.

"ಜ್ವರ ಬಂದಿತ್ರಿ, ಹೋತು. ಈಗ ಹೊಟ್ಟಿ ಭಾಳ ನೋಯಾಕ ಹತ್ತೈತಿ," ಎಂದಳು.

ಕೈ ಹಿಡಿದು ನೋಡಿದರೆ ತಣ್ಣಗಿತ್ತು. ಮಾತಾಡುವಾಗ ಹಲ್ಲಿನ ಸಂದಿಯಲ್ಲಿ ರಕ್ತ ಕಾಣಿಸಿತು. ಡಾಕ್ಟರು ಬಿ.ಪಿ. ಪಟ್ಟಿ ಕಟ್ಟಿ ಗಾಳಿ ಹಾಕಿದರು, ಬಿಟ್ಟರು, ಮತ್ತೆ ಹಾಕಿದರು. ನಂತರ ಏನೂ ಹೇಳದೆ ಕೈಗೆ ಸಲೈನು ಹಚ್ಚುತ್ತ ನನ್ನತ್ತ ನೋಡಿ, "ಗಾಡಿ ಕರೀರಿ, ಲಗೂ" ಎಂದರು.

ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸಲೈನಿನ ಬಾಟಲಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದೆ.

"ಇಷ್ಟು ದಿವಸ ಯಾಕ ಹೇಳಲಿಲ್ಲ ಮಗಳ?"

"ಅತ್ತಿಗೆ ಏನೂ ಅನಬ್ಯಾಡ್ರಿ ಅಕ್ಕೋರ. ಅವರ ಮುಂದ ನನಗ ನೆಗಡಿ ಆಗೇತಿ ಅಂದಿದ್ದೆ." ತುಟಿ ಸವರಿಕೊಂಡಳು. "ನಮ್ಮ ಮನ್ಯಾಗನ ಡೆಂಗಿ ಬಂತು ಅಂದ್ರ ಮಂದಿ ಅವರನ್ನ ಸಮಿತ್ಯಾಗ ಕುಂಡ್ರಗೊಡತಾರೇನ್ರಿ? ಜ್ವರ ಇಳದ ಮ್ಯಾಲೆ ಹೇಳಿದ್ರಾತು ಅಂದ್ಕೊಂಡಿದ್ದೆ."

ಅದೇ ಅವಳು ನನ್ನೊಡನೆ ಆಡಿದ ಕಡೆಯ ಮಾತು. ಮರುದಿನ ಮಧ್ಯಾಹ್ನ ತೀರಿಕೊಂಡಳು. ಕೂಸೂ ಅವಳ ಜತೆಗೇ ಹೋಯಿತು.

ಶಿರಗುಪ್ಪಿಯಿಂದ ಅವಳ ತಾಯಿ ಬಂದರು. ಅಳುತ್ತಿರಲಿಲ್ಲ. ಹೆಣದ ಬದಿ ಕೂತು ಮಗಳ ಬೈತಲೆಯನ್ನು ಬೆರಳಿನಿಂದ ಮತ್ತೆ ಮತ್ತೆ ನೇರ ಮಾಡುತ್ತಿದ್ದರು. ನಾವು ಸಮಿತಿಯವರು ಒಳಗೆ ಹೋದಾಗ ತಲೆಯೆತ್ತಿ ನೋಡಿ ಹೇಳಿದರು: "ದವಾಖಾನಿ ನಡಸೂ ಮನಿ ಅಂತ ಕೊಟ್ಟಿದ್ನಿರಿ ನಾನು." ಸಾವ್ಕಾರ್ರು ಕೈಮುಗಿದರು, ಕೈಗಳನ್ನು ಇಳಿಸುವುದೇ ಮರೆತವರಂತೆ ಹಾಗೆಯೇ ನಿಂತರು. ರೊಟ್ಟಿ ಅಕ್ಕ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು.

ಓಣಿಯಲ್ಲಿ ಇನ್ನೊಂದು ಮಾತು ಹಬ್ಬಿತು. ಬಡವರ ನೀರು ಚೆಲ್ಲಿದ್ದಕ್ಕೆ ಶಾಪ ತಟ್ಟಿತು ಎಂದು. ನನಗೆ ಸಿಟ್ಟು ಬಂತು. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು, ನಾಲ್ಕು ಮನೆಗೆ ಹೋಗಿ ಅದು ಸೊಳ್ಳೆ, ಶಾಪ ಅಲ್ಲ ಎಂದು ಬಿಡಿಸಿ ಹೇಳಿಯೂ ಬಂದೆ. ಆದರೆ ರೊಟ್ಟಿ ಅಕ್ಕನೇ ಅದನ್ನು ನಂಬಿದ್ದರು. ದಿನಕರ್ಮ ಮುಗಿದ ಮೇಲೆ ಒಂದು ಸಂಜೆ ನನ್ನ ಮನೆಗೆ ಬಂದು, "ಆಕಿ ಮನಿಗೆ ಹೋಗಬೇಕು, ನೀವು ಬರ್ರಿ" ಎಂದರು. ಯಾರ ಮನೆ ಎಂದು ಕೇಳಬೇಕಾಗಿರಲಿಲ್ಲ.

ಬಾಡಿಗೆ ಕೋಣೆಯ ಹೆಣ್ಣುಮಗಳು ಆಗಷ್ಟೇ ಕೆಲಸದಿಂದ ಬಂದು ಮಕ್ಕಳಿಗೆ ಅನ್ನ ಹಾಕುತ್ತಿದ್ದಳು. ರೊಟ್ಟಿ ಅಕ್ಕ ಬಾಗಿಲಲ್ಲೇ ನೆಲಕ್ಕೆ ಕೂತರು.

"ನಿನ್ನ ಶಾಪ ಹಿಂದಕ್ಕ ತಗೊ ನಮ್ಮವ್ವ. ಮಗಾ ಒಬ್ಬ ಉಳದಾನ."

ಆಕೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. "ನಾ ಶಾಪ ಹಾಕಿದ್ದಿಲ್ಲರಿ ಅಕ್ಕಾ," ಎಂದಳು. "ನೀರು ಹೋತು ಅಂತ ಬೈದಿದ್ದೆ, ಅಷ್ಟ. ಬೈದ್ರ ಯಾರರೆ ಸಾಯ್ತಾರ? ಹಂಗಿದ್ರ ನಮ್ಮಂತಾರ ಬೈದಬೈದು ಈ ಊರಾಗ ಯಾರೂ ಉಳೀತಿದ್ದಿಲ್ಲ." ಆಮೇಲೆ ಮೆಲ್ಲಗೆ, "ನಿಮ್ಮ ಸೊಸಿ ನನಗ ಎರಡ ಕೊಡ ನೀರು ತಂದು ಕೊಟ್ಟಿದ್ಲು, ಅವತ್ತ ಸಂಜಿಗೆ. ಅತ್ತಿಗೆ ಹೇಳಬ್ಯಾಡ ಅಂದಿದ್ಲು" ಎಂದಳು.

ವಾಪಸು ಬರುವಾಗ ರೊಟ್ಟಿ ಅಕ್ಕ ಓಣಿಯ ತಿರುವಿನಲ್ಲಿ ನಿಂತು ಕೇಳಿದರು. "ಗಾಡ್ಯಾಗ ಆಕಿ ನಿಮಗ ಏನರೆ ಹೇಳಿದ್ಲೇನ್ರಿ?"

"ಅತ್ತಿಗೆ ಏನೂ ಅನಬ್ಯಾಡ್ರಿ ಅಂದ್ಲು."

"ಅಷ್ಟ?"

"ಅಷ್ಟ," ಎಂದೆ. ಉಳಿದದ್ದನ್ನು ಹೇಳಿದ್ದರೆ ರೊಟ್ಟಿ ಅಕ್ಕ ಬದುಕಿರುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅವರು ನನ್ನ ಮುಖವನ್ನು ನೋಡಿದ ರೀತಿಯಲ್ಲಿ ಅರ್ಧ ತಿಳಿದಿದ್ದಾರೆ ಎನಿಸಿತು.

ಅವರು ಸಮಿತಿ ಬಿಟ್ಟರು. ಸಾವ್ಕಾರ್ರು ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಡಾಕ್ಟರು ಮಾತ್ರ ಬರುತ್ತಲೇ ಇದ್ದರು. ಆ ಸಾವಿನ ನಂತರ ಬಹಳ ದಿನ ಆಕೆ ಯಾವ ಬಸುರಿಯನ್ನು ನೋಡಿದರೂ ಎರಡೆರಡು ಸಲ ಬಿ.ಪಿ. ನೋಡುತ್ತಿದ್ದರು. ನಾವು ಉಳಿದವರು ಹಳೆಯ ಸೀರೆ ಕೂಡಿಸಿ, ಅಂಚಿಗೆ ಲಾಡಿ ಹೊಲಿಸಿ, ಬ್ಯಾರಲಿಗೆ ಕಟ್ಟುವ ಮುಸುಕು ಮಾಡಿ ಮನೆಮನೆಗೆ ಹಂಚಿದೆವು. ಕೆಲವರು ಕಟ್ಟಿದರು. ಕೆಲವರು ಅದರಿಂದ ನೆಲ ಒರೆಸಿದರು. ನೀರು ಮಾತ್ರ ವಾರಕ್ಕೊಮ್ಮೆಯೇ ಬಂತು.

ಮುಂದಿನ ಮಳೆಗಾಲಕ್ಕೆ ಜ್ವರ ಮತ್ತೆ ಬಂತು. ಒಂದು ದಿನ ದವಾಖಾನೆಯ ಮುಂದೆ ಆಟೋ ನಿಂತು, ಅದರಿಂದ ರೊಟ್ಟಿ ಅಕ್ಕ ಇಳಿದರು. ಅಷ್ಟು ತಿಂಗಳಲ್ಲಿ ಅವರು ಆ ಕಡೆ ಹಾಯ್ದಿರಲಿಲ್ಲ. ಅವರ ಕೈಯಲ್ಲಿ ಒಬ್ಬ ಬಸುರಿ ಹುಡುಗಿಯ ಕೈ ಇತ್ತು. ಹಿಂದಿನ ಓಣಿಯವಳು. ಅವಳ ಅತ್ತೆ ಬೈಯುತ್ತ ಹಿಂದೆಯೇ ಬಂದಳು.

"ಜ್ವರ ಇಳದೈತಿ ಅಂದ್ರೂ ಕೇಳವಲ್ರು. ಆರಾಮ ಆದಾಕೀನ ಎಳಕೊಂಡ ಬಂದಾರ."

"ಇಳದ ಮ್ಯಾಲೆನ ಹೋದ್ಲು ನಮ್ಮಾಕಿ," ಎಂದರು ರೊಟ್ಟಿ ಅಕ್ಕ. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ. ಆದರೂ ಆ ಅತ್ತೆ ಬಾಯಿ ಮುಚ್ಚಿದಳು.

ಡಾಕ್ಟರು ನೋಡಿದ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರೊಟ್ಟಿ ಅಕ್ಕ ಜತೆಗೆ ಹೋದರು. ಹುಡುಗಿ ಉಳಿದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಅದಕ್ಕೆ ಆ ಅತ್ತೆ ವಾರ್ಡಿನ ಹೊರಗೆ ಎಲ್ಲರಿಗೂ ಕೇಳುವಂತೆ, "ಈಕಿ ಕೈ ಹಿಡದ್ರ ಇದ ಆಗೂದು" ಎಂದಳಂತೆ.

ನಾನು ಆಸ್ಪತ್ರೆಗೆ ಹೋದಾಗ ರೊಟ್ಟಿ ಅಕ್ಕ ಕಾರಿಡಾರಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಆ ಮಾತು ಖರೇನಾ ಎಂದು ಕೇಳಿದೆ.

"ಅನ್ಲಿ ಬಿಡ್ರಿ," ಎಂದರು. "ಹುಡುಗಿ ಎದ್ದು ಕುಂತಾಳ. ಈಗ ನೋಡಿ ಬಂದೆ. ಅರ್ಧ ಬಟ್ಟಲ ಗಂಜಿ ಕುಡದ್ಲು." ಗೋಡೆ ಹಿಡಿದು ಏಳಲು ನೋಡಿದರು. ನಾನು ಕೈ ಕೊಟ್ಟೆ.