ಮಂಜಿನಲ್ಲಿ ಮುಂದೆ ನಡೆದವರು

"ಅಪ್ಪನ ಮುಖ ಎಲ್ಲಣ್ಣ? ಬರೀ ಬೆನ್ನೇ ಕಾಣ್ತದಲ್ಲ," ಎಂದು ಜವಳಗಿರಿಯ ಗೌರಮ್ಮ ನನ್ನ ಕಾರಿನ ಹೊಸ ಕ್ಯಾಮೆರಾದ ಪುಟ್ಟ ಪರದೆಯನ್ನು ಸೆರಗಿನಿಂದ ಒರೆಸಿದರು.

ಹಿಂದಿನ ವಾರ ಬೆಳಗಿನ ಮಂಜಿನಲ್ಲಿ ದಾರಿ ಕಾಣದೆ ನಿಂತಿದ್ದಾಗ, ಅವರ ತಂದೆ ಟವೆಲ್ ಬೀಸುತ್ತ ಕಾರಿನ ಮುಂದೆ ನಡೆದು ನನ್ನನ್ನು ಊರು ದಾಟಿಸಿದ್ದರು. ಈಗ ಅವರು ತೀರಿಕೊಂಡಿದ್ದಾರೆ, ಮನೆಯಲ್ಲಿ ಅವರದೊಂದು ಫೋಟೋವೂ ಇಲ್ಲ. ಕೊನೆಗೆ ಅವರು ತಿರುಗಿ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆ ಧೈರ್ಯದಲ್ಲೇ ಅಂದು ಕ್ಯಾಮೆರಾ ಹಿಡಿದಿಟ್ಟಿದ್ದ ವಿಡಿಯೊ ತೋರಿಸಿದೆ. ಹಗಲಲ್ಲಿ ಲಾರಿಯ ನಂಬರನ್ನೂ ಹಿಡಿಯುವ ಕ್ಯಾಮೆರಾದಲ್ಲಿ ಅವರು ತಿರುಗಲೇ ಇಲ್ಲ. ಹಾಲಿನಂಥ ಬೆಳಕಿನೊಳಗೆ ನಡೆಯುತ್ತಲೇ ಕರಗಿದರು.

"ನಮ್ಗೂ ಬೆನ್ನೇ ಕಣಣ್ಣ ಕಂಡಿದ್ದು. ಯಾವತ್ತು ನಮ್ ಸಮಕ್ಕೆ ನಡ್ದವ್ರೆ?" ಎಂದು ಗೌರಮ್ಮ ನಕ್ಕರು.

ನನ್ನ ನೆನಪಿನಲ್ಲಿ ತಿರುಗಿ ನಗುವ ಅವರಪ್ಪನ ಮುಖದಲ್ಲೂ ಗೌರಮ್ಮನ ಅದೇ ನಗು. ಅದು ಮೊದಲೇ ಅಲ್ಲಿತ್ತೋ, ಗೌರಮ್ಮ ನಕ್ಕ ದಿನ ಸೇರಿಕೊಂಡಿತೋ, ಹೇಳಲಾರೆ.